ಅಜ್ಜ ಕಾದ ಗುಡ್ಡವನ್ನು ಉಳಿಸಿಕೊಳ್ಳುವ ಬಗೆ

ಪ್ರಶ್ನೆ: ಕಾರ್ಕಳ ತಾಲ್ಲೂಕಿನಲ್ಲಿರುವ ನಮ್ಮ ಅಡಕೆ ತೋಟದ ಮೇಲ್ಭಾಗದಲ್ಲಿ ಅಜ್ಜ ಕಾದುಕೊಂಡು ಬಂದ ಸುಮಾರು 3 ಎಕರೆ ಗುಡ್ಡವಿದೆ. ಕಿರಾಲುಭೋಗಿ, ಹೆಬ್ಬಲಸು, ಹೊನ್ನೆ ಮರಗಳೇ ಹೆಚ್ಚು. ತಂದೆಯವರು ತೀರಿಕೊಂಡ ಮೇಲೆ ಪಾಲಿನ ಮಾತು ಎದ್ದಿದ್ದು, ಇಬ್ಬರು ತಮ್ಮಂದಿರು ಮರ ಮಾರಿ ರಬ್ಬರ್ ಹಾಕೋಣ ಎನ್ನುತ್ತಾರೆ. ಮಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಾನು ಈ ಗುಡ್ಡವನ್ನು ಉಳಿಸಿಕೊಳ್ಳಬಹುದೇ?

ಉತ್ತರ: ಉಳಿಸಿಕೊಳ್ಳಬಹುದು. ಆದರೆ ತಮ್ಮಂದಿರೊಡನೆ ಮಾತಿಗೆ ಕೂರುವ ಮೊದಲು, ಆ 3 ಎಕರೆಯಲ್ಲಿ ವರ್ಗ ಜಾಗ, ಅಂದರೆ ನಿಮ್ಮ ಸ್ವಂತ ಹಕ್ಕಿನ ಪಟ್ಟಾ ಭೂಮಿ ಎಷ್ಟು, ಕುಮ್ಕಿ ಎಷ್ಟು ಎಂಬುದನ್ನು ಪಹಣಿ ಮತ್ತು ನಕ್ಷೆ ಇಟ್ಟುಕೊಂಡು ಅಳೆಸಿ ನೋಡಿ. ನಮ್ಮ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ‘ನಮ್ಮ ಗುಡ್ಡ’ ಎಂದುಕೊಂಡು ಬಂದದ್ದು ಎಷ್ಟೋ ಸಲ ಕುಮ್ಕಿಯೇ ಆಗಿರುತ್ತದೆ. ವರ್ಗದ ಗಡಿಯಿಂದ 100 ಗಜದೊಳಗಿನ ಈ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ದರಗು (ಒಣಗಿ ಬಿದ್ದ ಎಲೆ), ಮನೆಬಳಕೆಯ ಕಟ್ಟಿಗೆ ತೆಗೆಯುವ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಉಳಿಸಿದೆಯೇ ಹೊರತು ಒಡೆತನವನ್ನು ಕೊಟ್ಟಿಲ್ಲ. ಹಾಗಾಗಿ ಅಲ್ಲಿನ ಮರಗಳನ್ನು ಮಾರುವ ಪ್ರಶ್ನೆಯೇ ಏಳದು. ವರ್ಗ ಜಾಗದಲ್ಲಿಯೂ, ತೆಂಗು, ರಬ್ಬರ್‌ನಂತಹ ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ.

ಗುಡ್ಡವನ್ನು ಮೂರು ಪಟ್ಟಿ ಮಾಡಲು ದಯವಿಟ್ಟು ಒಪ್ಪಬೇಡಿ. ಒಂದು ಪಟ್ಟಿ ಬೋಳಾದರೆ ಪಕ್ಕದ್ದಕ್ಕೂ ಬಿಸಿಲು, ಗಾಳಿ ನುಗ್ಗುತ್ತವೆ. ಮರಗಳ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದು, ಇಡೀ ಗುಡ್ಡವನ್ನು ನಿಮ್ಮ ಪಾಲಿಗೆ ಪಡೆದು, ತೋಟದಲ್ಲಿ ತಮ್ಮಂದಿರಿಗೆ ಹೆಚ್ಚು ಬಿಟ್ಟುಕೊಟ್ಟು ವಿಭಾಗಪತ್ರವನ್ನು ನೋಂದಾಯಿಸುವುದು ನನಗೆ ನ್ಯಾಯವೆನಿಸುತ್ತದೆ. ಅಕ್ಕತಂಗಿಯರಿದ್ದರೆ ಅವರ ಹಕ್ಕೂ ಅದರಲ್ಲಿ ಸೇರಬೇಕು.

ಇಷ್ಟಾದ ಮೇಲೆ ಗುಡ್ಡ ಹತ್ತಿ, ಬೆರಳು ಗಾತ್ರದ ಕಿರಾಲುಭೋಗಿ ಗಿಡಗಳು ಎಷ್ಟಿವೆ ಎಂದು ಎಣಿಸಿ ನೋಡಿ. ದೊಡ್ಡ ಮರಗಳಿದ್ದೂ ಮರಿ ಗಿಡಗಳೇ ಇಲ್ಲದ ಗುಡ್ಡಗಳು ನಮ್ಮಲ್ಲಿ ಅನೇಕ. ಪ್ರತಿ ಬೇಸಗೆಯಲ್ಲಿ ದನದ ಹಟ್ಟಿಗೆಂದು ದರಗು ಗುಡಿಸುವಾಗ ಎಳೆ ಸಸಿಗಳೂ ಕಿತ್ತುಹೋಗುತ್ತವೆ. ಬರಿದಾದ ಮುರಕಲ್ಲಿನ ನೆಲದ ಮೇಲೆ ಬಿದ್ದ ಬೀಜ ಒಣಗಿಹೋಗುತ್ತದೆ. ಗುಡ್ಡದ ಒಂದು ಭಾಗವನ್ನಾದರೂ ಐದಾರು ವರ್ಷ ಗುಡಿಸದೆ ಬಿಡಿ, ಅಂಚಿನಲ್ಲಿ ಮಾತ್ರ ಬೆಂಕಿ ದಾಟದಂತೆ ದರಗು ಸರಿಸಿ. ಕಿರಾಲುಭೋಗಿಯ ರೆಕ್ಕೆಬೀಜ ಮಳೆ ಹಿಡಿಯುವ ಹೊತ್ತಿಗೆ ಉದುರುತ್ತದೆ. ಅದರ ಮೊಳೆಯುವ ಶಕ್ತಿ ಕೆಲವೇ ದಿನ ಇರುವುದರಿಂದ ಡಬ್ಬಿಯಲ್ಲಿ ತೆಗೆದಿಡದೆ, ಆಯ್ದ ಕೂಡಲೇ ಪಾತಿಗೆ ಹಾಕಬೇಕು. ಹೆಬ್ಬಲಸಿನ ಬೀಜವೂ ಹೀಗೆಯೇ. ಕಿರಾಲುಭೋಗಿಯ ಎಳೆ ಸಸಿಗೆ ನೆರಳು ಹಿತ. ಹಳೆಯ ಮರಗಳ ಸಂದಿನಲ್ಲೇ ನೆಡಬಹುದು.

ಬರಿದಾದ ಜಾಗಕ್ಕೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಬಳಸಿಕೊಳ್ಳಿ. 2011-12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನರ್ಸರಿಯ ಸಸಿ ಕಡಿಮೆ ದರಕ್ಕೆ ಸಿಗುತ್ತದೆ. ಬದುಕುಳಿದ ಸಸಿಗಳ ಲೆಕ್ಕದಲ್ಲಿ ಮೂರು ವರ್ಷ ಪ್ರೋತ್ಸಾಹಧನವೂ ಬರುತ್ತದೆ. ಮಂಗಳೂರಿನಿಂದ ವಾರವಾರ ಬರಲಾಗದಿದ್ದರೂ ಮೇ ಕೊನೆಯಿಂದ ಜೂನ್‌ವರೆಗಿನ ಭಾನುವಾರಗಳನ್ನು ಗುಡ್ಡಕ್ಕೆಂದೇ ತೆಗೆದಿರಿಸಿ, ಸಾಧ್ಯವಾದರೆ ತಮ್ಮಂದಿರ ಮಕ್ಕಳನ್ನೂ ಬೀಜ ಹೆಕ್ಕಲು ಕರೆದುಕೊಂಡು ಹೋಗಿ.