ರವಿಕೆ ಚೀಟಿಯಲ್ಲೂ ತಾರೀಕಿರುತ್ತದೆ

ಪ್ರಿಯ ಸೋದರಿ,

ನಿಮ್ಮ ಒಂಬತ್ತು ಪುಟದ ಪತ್ರ ತಲುಪಿತು. ಹೆಸರು, ಊರು ಹಾಕಬೇಡಿ ಎಂದಿದ್ದೀರಿ. ಹಾಕುವುದಿಲ್ಲ. ಆಸ್ಪತ್ರೆಯ ಹೆಸರನ್ನೂ ಬಿಟ್ಟಿದ್ದೇನೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಹಾಗಾಗಿ ಉಳಿದ ಓದುಗರಿಗೆ ನಿಮ್ಮ ವಿಷಯ ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಇವರು ಸಣ್ಣ ಊರಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳು. ಸ್ತನದ ಕ್ಯಾನ್ಸರ್. ಸರ್ಕಾರದ ಯೋಜನೆಯ ಕಾರ್ಡಿನಲ್ಲಿ ದೂರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಬಯಾಪ್ಸಿ ರಿಪೋರ್ಟಿಗೆ "ಮುಂದಿನ ವಾರ ಬನ್ನಿ" ಎಂದು ಮೂರು ವಾರ ಓಡಾಡಿಸಿದರು. ಫೈಲು ಒಮ್ಮೆ ಕಳೆದುಹೋಯಿತು. ಹುಡುಕಿಕೊಂಡು ಇವರೇ ನಾಲ್ಕು ಕೌಂಟರ್ ಸುತ್ತಿದರು. ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಕೀಮೋಗೆ ಹೋದರೆ "ಅಪ್ರೂವಲ್ ಬಂದಿಲ್ಲ, ಹೋಗಿ ಬನ್ನಿ" ಎಂದರು. ಹೀಗೆ ಎರಡು ಸಲ. ವೈದ್ಯರು ಮುಖ್ಯವಾದ ಮಾತೆಲ್ಲ ಆಡಿದ್ದು ಗಂಡನ ಹತ್ತಿರ, ಅದೂ ಬಾಗಿಲಾಚೆ. ಕೊನೆಗೆ ಡಿಸ್ಚಾರ್ಜ್ ಸಮ್ಮರಿಯಲ್ಲಿ "ಪಾಲಿಯೇಟಿವ್ ಇಂಟೆಂಟ್" ಎಂಬ ಎರಡು ಪದ ಕಂಡವು. ಪಿಯುಸಿ ಓದುವ ಮಗಳು ಅದನ್ನು ಮೊಬೈಲಿನಲ್ಲಿ ಹುಡುಕಿದಳು. ಆಮೇಲೆ ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಪತ್ರದ ಏಳನೇ ಪುಟದಲ್ಲಿ ನೀವು ಬರೆದಿದ್ದೀರಿ: "ನನ್ನ ಅಂಗಡಿಯಲ್ಲಿ ರವಿಕೆ ಹೊಲಿಯೋಕೆ ಕೊಟ್ಟವರಿಗೂ ಚೀಟಿ ಬರೆದು ತಾರೀಕು ಹಾಕಿ ಕೊಡ್ತೀನಿ. ಕರೆಂಟು ಹೋಗಿ ತಡವಾದರೆ ನಾನೇ ಫೋನ್ ಮಾಡಿ ಹೇಳ್ತೀನಿ. ನನ್ನ ಜೀವಕ್ಕೆ ಅಷ್ಟೂ ಬೇಡವಾ?"

ಬೇಕು ತಾಯಿ. ಖಂಡಿತ ಬೇಕು. ಈ ಸಾಲು ಓದಿ ನಾನು ಪತ್ರ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಮೊದಲು ಆ ಎರಡು ಪದಗಳ ಬಗ್ಗೆ ಹೇಳಿಬಿಡುತ್ತೇನೆ. ನಿಮ್ಮ ಮಗಳು ಇನ್ನೂ ಅದನ್ನೇ ಹೊತ್ತುಕೊಂಡು ತಿರುಗುತ್ತಿದ್ದಾಳೆ ಎಂದು ಬರೆದಿದ್ದೀರಿ. ನಾನು ವೈದ್ಯನಲ್ಲ. ನಮ್ಮ ಪತ್ರಿಕೆಗೆ ಆಗಾಗ ಬರೆಯುವ ಕ್ಯಾನ್ಸರ್ ವೈದ್ಯರೊಬ್ಬರ ಹತ್ತಿರ ಕೂತು ಕೇಳಿಕೊಂಡು ಬರೆಯುತ್ತಿದ್ದೇನೆ. ಪಾಲಿಯೇಟಿವ್ ಇಂಟೆಂಟ್ ಅಂದರೆ "ಇನ್ನು ಮಾಡುವುದೇನೂ ಇಲ್ಲ" ಎಂದಲ್ಲ. ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುವ ಗುರಿ ಇಟ್ಟುಕೊಂಡರೆ ಅದಕ್ಕೆ ಬೇರೆ ಪದವಿದೆ. ಕಾಯಿಲೆಯನ್ನು ಹತೋಟಿಯಲ್ಲಿಟ್ಟು, ನೋವು ಕಡಿಮೆ ಮಾಡಿ, ಆದಷ್ಟು ಕಾಲ ಚೆನ್ನಾಗಿ ಬದುಕುವ ಹಾಗೆ ನೋಡಿಕೊಳ್ಳುವ ಗುರಿ ಇಟ್ಟುಕೊಂಡರೆ ಈ ಪದ ಬರೆಯುತ್ತಾರೆ. ನಿಮ್ಮ ಬೆನ್ನಿನ ಮೂಳೆಗೆ ಕಾಯಿಲೆ ಹರಡಿದೆ ಎಂದು ಸ್ಕ್ಯಾನಿನಲ್ಲಿ ಬಂದಿರುವುದರಿಂದ ಹೀಗೆ ಬರೆದಿದ್ದಾರೆ. ಇದು ಸಣ್ಣ ವಿಷಯ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ಮೂಳೆಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದೂ ವರ್ಷಗಟ್ಟಲೆ ಕೆಲಸ ಮಾಡಿಕೊಂಡು, ಮಕ್ಕಳ ಮದುವೆ ಮಾಡಿಕೊಂಡು ಇರುವವರು ಇದ್ದಾರೆ. ಅದು ಜಾಸ್ತಿ ನಿಂತಿರುವುದು ನಿಮ್ಮ ಗಡ್ಡೆ ಯಾವ ಜಾತಿಯದು ಎಂಬುದರ ಮೇಲೆ. ಬಯಾಪ್ಸಿ ರಿಪೋರ್ಟಿನಲ್ಲಿ ಇ.ಆರ್., ಪಿ.ಆರ್., ಹರ್-2 ಎಂದು ಮೂರು ಹೆಸರು ಇರುತ್ತವೆ. ಮೊದಲೆರಡು ಪಾಸಿಟಿವ್ ಇದ್ದರೆ ಹಾರ್ಮೋನು ತಡೆಯುವ ಮಾತ್ರೆಗಳು ಕೆಲಸ ಮಾಡುತ್ತವೆ. ಮೂರನೆಯದು ಪಾಸಿಟಿವ್ ಇದ್ದರೆ ಅದಕ್ಕೇ ಗುರಿಯಿಟ್ಟ ಔಷಧಿಗಳಿವೆ. ಮುಂದಿನ ಸಲ ಹೋದಾಗ ಈ ಮೂರು ನನಗೆ ಏನಿವೆ ಎಂದು ಕೇಳಿ.

ರಿಪೋರ್ಟು ತಡವಾಗಿದ್ದಕ್ಕೂ ಇದಕ್ಕೂ ಸಂಬಂಧವಿದೆ. ಬಯಾಪ್ಸಿಗೆಂದು ಗಡ್ಡೆಯಿಂದ ತೆಗೆದ ಚೂರನ್ನು ಮೊದಲು ಕೆಡದಂತೆ ಫಾರ್ಮಲಿನ್‌ನಲ್ಲಿ ಇಡುತ್ತಾರೆ. ಆಮೇಲೆ ಮೇಣದ ಬ್ಲಾಕ್ ಮಾಡಿ, ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಗೊತ್ತಾಗುವುದು ಅಲ್ಲಿ. ಯಾವ ಬಗೆಯದು ಎಂದು ತಿಳಿಯಲು ಅದೇ ಬ್ಲಾಕಿನಿಂದ ಮತ್ತೆ ಚೂರು ತೆಗೆದು ಬೇರೆ ಪರೀಕ್ಷೆ ಮಾಡಬೇಕು. ಅದಕ್ಕೆ ಇನ್ನಷ್ಟು ದಿನ ಬೇಕು. ಅಂದರೆ ನಿಮ್ಮ ಮೂರು ವಾರದಲ್ಲಿ ಒಂದಿಷ್ಟು ದಿನ ನಿಜವಾಗಿಯೂ ಬೇಕಾಗಿದ್ದವು. ಕೌಂಟರಿನಲ್ಲಿದ್ದವರು "ಮೊದಲ ರಿಪೋರ್ಟ್ ಬಂದಿದೆಯಮ್ಮಾ, ಎರಡನೇ ಪರೀಕ್ಷೆಗೆ ಹೋಗಿದೆ, ಇಷ್ಟು ದಿನ ಹಿಡಿಯುತ್ತದೆ, ಬಂದ ಕೂಡಲೇ ಫೋನ್ ಮಾಡ್ತೀವಿ" ಎಂದಿದ್ದರೆ ಮುಗಿಯುತ್ತಿತ್ತು. ಒಂದು ನಿಮಿಷದ ಮಾತು. ಆ ಮಾತು ಇಲ್ಲದ್ದಕ್ಕೆ ನೀವು ಮೂರು ಸಲ ಬಸ್ ಚಾರ್ಜು ಕೊಟ್ಟಿರಿ, ಮೂರು ದಿನ ಅಂಗಡಿ ಮುಚ್ಚಿದಿರಿ, ಇಪ್ಪತ್ತೊಂದು ರಾತ್ರಿ ನಿದ್ದೆಗೆಟ್ಟಿರಿ.

ಇನ್ನು ಬಾಗಿಲಾಚೆಯ ಮಾತು. ಇದರ ಬಗ್ಗೆ ಬರೆಯುವಾಗ ನಮ್ಮ ಮನೆಯ ಕಥೆ ಹೇಳದೆ ಇರಲಾರೆ.

ನಮ್ಮ ಅಮ್ಮನಿಗೆ ಗರ್ಭಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ ನಾವು ಮಕ್ಕಳೆಲ್ಲ ಸೇರಿ ವೈದ್ಯರಿಗೆ ಕೈಮುಗಿದು "ಅಮ್ಮನಿಗೆ ಹೇಳಬೇಡಿ" ಎಂದೆವು. ಅಮ್ಮನಿಗೆ "ಸಣ್ಣ ಗಡ್ಡೆ, ಕರೆಂಟು ಕೊಟ್ಟರೆ ಕರಗುತ್ತೆ" ಎಂದೆವು. ಹೊಸೂರು ರಸ್ತೆಯ ಸಿಟಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ನಿಮ್ಹಾನ್ಸ್ ದಾಟಿದ ಮೇಲೆ ಕಂಡಕ್ಟರ್ "ಕಿದ್ವಾಯಿ, ಕಿದ್ವಾಯಿ" ಎಂದು ಕೂಗಿದರು. 1973ರಿಂದ ಇರುವ ಸಂಸ್ಥೆ ಅದು. ನಮ್ಮ ಕಡೆಯ ಹಳ್ಳಿಗಳಲ್ಲಿ ಆ ಹೆಸರು ಹೇಳಿದರೆ ಸಾಕು, ಕಾಯಿಲೆ ಯಾವುದು ಎಂದು ಬೇರೆ ಹೇಳಬೇಕಿಲ್ಲ. ನಾವು ಇನ್ನೂ ಕೂತಿದ್ದೆವು. ಅಮ್ಮ ನಮಗಿಂತ ಮೊದಲು ಎದ್ದು, ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತಳು. ಅವಳಿಗೆ ಗೊತ್ತಿತ್ತು. ಆಮೇಲೂ ನಾವು ಎಂಟು ತಿಂಗಳು ಗಡ್ಡೆಯ ನಾಟಕ ಆಡಿದೆವು, ಅವಳೂ ಆಡಿದಳು. ತವರಿಗೆ ಒಂದು ಸಲ ಹೋಗಿಬರಬೇಕು ಎಂದಳು. ಮಳೆಗಾಲ ಕಳೆಯಲಿ ಅಂದೆವು. ಗಟ್ಟಿಯಾಗಿ ಕೇಳಲು ಅವಳಿಗೆ ಆಗಲಿಲ್ಲ. ಕೇಳಿದರೆ ಗೊತ್ತಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಮಳೆಗಾಲ ಕಳೆಯುವುದರೊಳಗೆ ಹೋಗಿಬಿಟ್ಟಳು. ಆ ತಪ್ಪು ಯಾವ ವೈದ್ಯರದ್ದೂ ಅಲ್ಲ, ನಮ್ಮದು. ಇವತ್ತಿಗೂ ಅದು ನನ್ನ ಗಂಟಲಲ್ಲಿದೆ.

ಹಾಗಾಗಿ ನಿಮ್ಮ ಮನೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರೂ ಹೆದರಿದ್ದಾರೆ. ಮೊದಲು ಅವರಿಗೆ ಹೇಳಿ, ಆಮೇಲೆ ವೈದ್ಯರಿಗೂ ಅವರ ಮುಂದೆಯೇ ಹೇಳಿ: "ಕಾಯಿಲೆ ನನ್ನದು. ನನ್ನ ಮುಂದೆಯೇ ಮಾತಾಡಿ. ಇವರೂ ಜೊತೆಗಿರಲಿ." ಇದನ್ನು ಕೇಳುವುದು ಅಧಿಕಪ್ರಸಂಗ ಅಲ್ಲ. ದೆಹಲಿಯ ಸಮೀರಾ ಕೊಹ್ಲಿ ಎಂಬ ಮಹಿಳೆಯ ಪ್ರಕರಣ ಕೇಳಿ. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ, ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದರು. ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಪ್ರಾಣಕ್ಕೆ ಕುತ್ತು ಇಲ್ಲದಿದ್ದಾಗ, ತಿಳಿವಳಿಕೆ ಇರುವ ವಯಸ್ಕ ರೋಗಿಯ ಒಪ್ಪಿಗೆ ಆಕೆಯದೇ ಆಗಿರಬೇಕು, ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಎಂದಿತು. ಏನು ಮಾಡುತ್ತಾರೆ, ಯಾಕೆ, ಬೇರೆ ದಾರಿ ಏನಿದೆ, ಅಪಾಯ ಏನು ಎಂದು ತಿಳಿಸಿದ ಮೇಲೆ ಪಡೆದದ್ದಷ್ಟೇ ಒಪ್ಪಿಗೆ. ಹೆತ್ತ ತಾಯಿಯ ಸಹಿಯೇ ಸಾಲದು ಎಂದ ಮೇಲೆ ಬಾಗಿಲಾಚೆಯ ಮಾತು ಸಾಕಾಗುತ್ತದಾ?

ಅಪ್ರೂವಲ್ ವಿಷಯಕ್ಕೆ ಬರುತ್ತೇನೆ. ನಿಮ್ಮದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು. 2018ರಲ್ಲಿ ಬಂದ ಈ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಆಸ್ಪತ್ರೆಯವರು ನಿಮ್ಮ ಕಾಗದಗಳನ್ನು ಕಂಪ್ಯೂಟರಿಗೆ ಏರಿಸಬೇಕು. ಟ್ರಸ್ಟಿನ ಕಡೆಯ ವೈದ್ಯರು ನೋಡಿ ಒಪ್ಪಬೇಕು. ಒಂದು ಕಾಗದ ಕಡಿಮೆ ಇದ್ದರೂ ಪ್ರಶ್ನೆ ಹಾಕಿ ವಾಪಸ್ ಕಳಿಸುತ್ತಾರೆ. ಆಸ್ಪತ್ರೆಯವರು ಅದನ್ನು ನೋಡಿ ಉತ್ತರಿಸುವವರೆಗೆ ನಿಮ್ಮ ಫೈಲು ಅಲ್ಲೇ ನಿಂತಿರುತ್ತದೆ. ಎರಡನೇ ಸಲ ನಿಮಗೆ ಆಗಿದ್ದು ಇದೇ ಎಂದು ನೀವೇ ಆಮೇಲೆ ಪತ್ತೆ ಮಾಡಿದ್ದೀರಿ. ಬಯಾಪ್ಸಿ ರಿಪೋರ್ಟ್ ಏರಿಸಿರಲಿಲ್ಲ. ರಿಪೋರ್ಟು ಅವರ ಕಟ್ಟಡದಲ್ಲೇ ಇತ್ತು! ನಿಮ್ಮ ಫೋನ್ ನಂಬರೂ ಅವರ ಹತ್ತಿರ ಇತ್ತು. ಹಿಂದಿನ ದಿನ ಸಂಜೆ ಒಂದು ಫೋನ್ ಮಾಡಿದ್ದರೆ ನೀವು ರಾತ್ರಿ ಬಸ್ಸು ಹತ್ತುತ್ತಿರಲಿಲ್ಲ. ಇದು ಹಣದ ಕೊರತೆ ಅಲ್ಲ, ಯಂತ್ರದ ಕೊರತೆ ಅಲ್ಲ. ಇದು ಯಾರ ಕೆಲಸ ಎಂದು ಯಾರಿಗೂ ಹೇಳಿಲ್ಲದ್ದರ ಫಲ.

ಇನ್ನು ಮುಂದೆ ಹೀಗೆ ಮಾಡಿ. ಯೋಜನೆಯ ಆಸ್ಪತ್ರೆಗಳಲ್ಲಿ "ಆರೋಗ್ಯಮಿತ್ರ" ಎಂಬ ಸಿಬ್ಬಂದಿ ಇರುತ್ತಾರೆ. ಅವರ ನಂಬರ್ ಬರೆದುಕೊಳ್ಳಿ. ಹೊರಡುವ ಎರಡು ದಿನ ಮೊದಲು ಮಗಳಿಂದ ಫೋನ್ ಮಾಡಿಸಿ, ಅಪ್ರೂವಲ್ ಆಗಿದೆಯಾ, ಪ್ರಶ್ನೆ ಏನಾದರೂ ಬಾಕಿ ಇದೆಯಾ ಎಂದು ಕೇಳಿ. ಉತ್ತರ ಸಿಗದಿದ್ದರೆ 104ಕ್ಕೆ ಫೋನ್ ಮಾಡಿ. ಪ್ರತಿ ರಿಪೋರ್ಟಿನ ಎರಡು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಕಳೆದುಹೋದ ಫೈಲಿನ ವಿಷಯಕ್ಕೂ ನಿಯಮವಿದೆ. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ವೈದ್ಯಕೀಯ ಪರಿಷತ್ತು ಮಾಡಿದ ನಿಯಮದ ಪ್ರಕಾರ, ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಅರ್ಜಿ ಬರೆಯಿರಿ, ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬೇರೆ ವೈದ್ಯರ ಅಭಿಪ್ರಾಯ ಬೇಕಾದರೆ ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕನ್ನೂ ಕೇಳಿ ಪಡೆಯಬಹುದು.

"ಇಷ್ಟನ್ನೆಲ್ಲ ಕಾಯಿಲೆಯವಳೇ ಮಾಡಬೇಕಾ?" ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನೀವು ಮಾಡಬಾರದಿತ್ತು. ನ್ಯೂಯಾರ್ಕಿನ ಹಾರ್ಲೆಮ್ ಎಂಬ ಬಡ ಬಡಾವಣೆಯ ಆಸ್ಪತ್ರೆಯಲ್ಲಿ ಹೆರಾಲ್ಡ್ ಫ್ರೀಮನ್ ಎಂಬ ಶಸ್ತ್ರಚಿಕಿತ್ಸಕರಿದ್ದರು. ಸ್ತನ ಕ್ಯಾನ್ಸರ್ ಬಂದ ಹೆಂಗಸರು ಚಿಕಿತ್ಸೆ ಪೂರ್ತಿಯಾಗುವ ಮೊದಲೇ ಕೌಂಟರು, ಕಾಗದ, ವಿಮೆ, ಓಡಾಟದಲ್ಲಿ ಕಳೆದುಹೋಗುವುದನ್ನು ಅವರು ನೋಡಿದರು. 1990ರಲ್ಲಿ ರೋಗಿಯ ಜೊತೆಗಿದ್ದು ದಾರಿ ತೋರಿಸುವುದಕ್ಕೇ ಬೇರೆ ಜನರನ್ನು ನೇಮಿಸಿದರು. ಮೊದಲು ಅಲ್ಲಿ ಸ್ತನ ಕ್ಯಾನ್ಸರ್ ಬಂದ ನೂರು ಜನರಲ್ಲಿ 39 ಮಂದಿ ಐದು ವರ್ಷ ಬದುಕುತ್ತಿದ್ದರು. ಪುಕ್ಕಟೆ ತಪಾಸಣೆ ಮತ್ತು ಈ ದಾರಿ ತೋರಿಸುವವರು ಬಂದ ಮೇಲೆ ಅದು 70ಕ್ಕೆ ಏರಿತು. ಹೊಸ ಔಷಧಿಯೊಂದು ಇಷ್ಟು ಕೆಲಸ ಮಾಡಿದ್ದರೆ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತಿತ್ತು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯೂ ಇಂಥವರಿಗೆ ತರಬೇತಿ ಕೊಡುತ್ತಿದೆ. ಅವರಿಗೆ ಇಟ್ಟ ಹೆಸರು "ಕೇವಟ್", ರಾಮನನ್ನು ಗಂಗೆ ದಾಟಿಸಿದ ಅಂಬಿಗ. ನಮ್ಮ ರಾಜ್ಯದ ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಅಂಥ ಅಂಬಿಗರು ಬೇಕು. ಈ ಪತ್ರಿಕೆ ಅದನ್ನು ಬಿಡದೆ ಕೇಳುತ್ತದೆ. ಅಲ್ಲಿಯವರೆಗೆ ನಿಮ್ಮ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಷಿಯಲ್ ವರ್ಕರ್ ಇದ್ದಾರಾ ವಿಚಾರಿಸಿ. ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಇರುತ್ತಾರೆ, ಆದರೆ ಅವರ ಕೋಣೆ ಎಲ್ಲೋ ಮೂಲೆಯಲ್ಲಿರುತ್ತದೆ.

ವೈದ್ಯರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಬೆಳಗಿನ ಒಪಿಡಿಯಲ್ಲಿ ಬಾಗಿಲ ತನಕ ಜನ ನಿಂತಿರುತ್ತಾರೆ. 2019ರಿಂದ ಎಂಬಿಬಿಎಸ್ ಪಾಠದಲ್ಲಿ ರೋಗಿಯ ಜೊತೆ ಮಾತಾಡುವುದನ್ನೂ ಕಲಿಸುತ್ತಿದ್ದಾರೆ, ಒಳ್ಳೆಯದಾಯಿತು. ಆದರೆ ಆ ಹುಡುಗರು ಕ್ಯಾನ್ಸರ್ ತಜ್ಞರಾಗಿ ನಿಮ್ಮ ಮುಂದೆ ಕೂರಲು ವರ್ಷಗಳು ಬೇಕು. ಇವತ್ತಿನ ವೈದ್ಯರಿಗೆ ನನ್ನ ಬೇಡಿಕೆ ಇಷ್ಟೇ. ಕೂತು ಮಾತಾಡಿ. ರೋಗಿಯ ಮುಖ ನೋಡಿ ಮಾತಾಡಿ.

ಪತ್ರದ ಕೊನೆಯ ಪ್ರಶ್ನೆ: "ದೂರು ಕೊಟ್ಟರೆ ನನ್ನನ್ನು ಸರಿಯಾಗಿ ನೋಡ್ಕೊಳ್ತಾರಾ?" ನೀವು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಈ ಭಯಕ್ಕೇ ಅಲ್ವಾ. ಈ ಭಯ ಇಟ್ಟುಕೊಂಡೇ ಎಷ್ಟೋ ಜನ ಸುಮ್ಮನಿದ್ದಾರೆ. "ಏನೂ ಆಗಲ್ಲ, ಧೈರ್ಯವಾಗಿ ಕೊಡಿ" ಎಂದು ಇಲ್ಲಿ ಕೂತು ಹೇಳುವುದು ನನಗೆ ಸುಲಭ. ಹಾಗೆ ಹೇಳುವುದಿಲ್ಲ. ಈಗಲೇ ಜಗಳದ ದೂರು ಬೇಡ. ಮೆಡಿಕಲ್ ಸೂಪರಿಂಟೆಂಡೆಂಟ್ ಅವರಿಗೆ ಒಂದು ವಿನಂತಿ ಪತ್ರ ಕೊಡಿ. ಯಾರ ಹೆಸರೂ ಎತ್ತಬೇಡಿ. ಎರಡು ಸಲ ವಾಪಸ್ ಹೋದ ತಾರೀಕು ಬರೆಯಿರಿ, ಬಸ್ ಟಿಕೆಟ್ ಲಗತ್ತಿಸಿ. ಅಪ್ರೂವಲ್ ಇಲ್ಲದಿದ್ದರೆ ಹಿಂದಿನ ದಿನ ಫೋನ್ ಮಾಡಿ ಎಂದು ಕೇಳಿ. ಅದೊಂದೇ ಬೇಡಿಕೆ. ದೊಡ್ಡ ದೂರಿಗೆ ದಾರಿ ಇದ್ದೇ ಇದೆ. ಖಾಸಗಿ ಆಸ್ಪತ್ರೆಗಳ ಮೇಲಿನ ರಾಜ್ಯದ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ರೋಗಿಯ ಹಕ್ಕುಗಳು ಅದರೊಳಗೆ ಸೇರಿವೆ. ದೂರು ಕೇಳಲು ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರ ಇದೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಕಾಶವಿದೆ. ಚಿಕಿತ್ಸೆ ಒಂದು ಹದಕ್ಕೆ ಬಂದ ಮೇಲೆ ಬೇಕೆನಿಸಿದರೆ ನೋಡೋಣ, ಆಗ ನಾವೂ ಜೊತೆಗಿರುತ್ತೇವೆ.

ಡಿಸ್ಚಾರ್ಜ್ ಸಮ್ಮರಿ ನಮಗೂ ಕಳಿಸಿ. ಮೊದಲು ಹೇಳಿದ ವೈದ್ಯರು ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಬರೆದುಕೊಡಲು ಒಪ್ಪಿದ್ದಾರೆ. ನಿಮಗೆ ಮತ್ತು ನಿಮ್ಮ ಮಗಳಿಗೆ ಅರ್ಥವಾಗುವ ಹಾಗೆ ಇರುತ್ತದೆ. ಕೈಗೆ ಬಂದ ಹತ್ತು ದಿನದೊಳಗೆ ಉತ್ತರ ಹಾಕುತ್ತೇವೆ, ತಡವಾದರೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಮೂಲ ಪ್ರತಿ ಕಳಿಸಬೇಡಿ, ಜೆರಾಕ್ಸ್ ಸಾಕು.

— ಸಂಪಾದಕ