ಕೂಸನ್ನು ಅಳಲು ಬಿಟ್ಟು ಕಟ್ಟೆಗೆ ಬಂದ ಅಜ್ಜಿ

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಇಂಥದ್ದೇ ಮನೆಯ ದೂರು ಹಿಡಿದುಕೊಂಡು ಜನ ಸಲಹೆ ಕೇಳಲು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೇ ಹುಬ್ಬಳ್ಳಿಯ ಮನೆ, ಎರಡು ತಿಂಗಳ ಕೂಸು. ಸೊಸೆಗೆ ಧಾರವಾಡದ ಬಟ್ಟೆ ಅಂಗಡಿಯಲ್ಲಿ ಕೆಲಸ. ತವರಲ್ಲಿ ಬಾಣಂತನ ಮಾಡುವವರಿಲ್ಲ. ಕಾನೂನಿನ 26 ವಾರಗಳ ಸಂಬಳದ ರಜೆ ಸಿಗಬೇಕಾದರೆ ಅಂಗಡಿಯಲ್ಲಿ ಕನಿಷ್ಠ 10 ಜನ ಕೆಲಸಕ್ಕಿರಬೇಕು. ಅಲ್ಲಿರುವುದು ಐದಾರು ಜನ. ಅವಳು ಚಿಗರಿ ಬಸ್ಸು ಹತ್ತಿದಳು, ಕೂಸು ಅಜ್ಜಿಯ ಪಾಲಿಗೆ ಬಂತು. ಅಜ್ಜಿಗೆ ಬಿಪಿ, ಮೊಣಕಾಲು ನೋವು ಬೇರೆ.

‘ಅತ್ತಿ ಕೂಸಿನ್ನ ಅಳಾಕ ಬಿಟ್ಟು ಕಟ್ಟಿ ಮ್ಯಾಲ ಕುಂತಿದ್ರಂತ. ಓಣಿಯವ್ರೆಲ್ಲಾ ನೋಡ್ಯಾರ’ ಎಂದು ಸೊಸೆ ದೂರಿದಳು. ಮಗ ಸುಮ್ಮನಿದ್ದ. ಕಟ್ಟೆಗೆ ಬರುವ ಮೊದಲು ಏನಾಯಿತು ಎಂದು ಅಜ್ಜಿಯನ್ನು ಕೇಳಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

‘ಹಾಲು ಕುಡಿಸಿದೆ, ಬಟ್ಟಿ ಬದಲಿಸಿದೆ, ಹೆಗಲಿಗೆ ಹಾಕ್ಕೊಂಡು ಅಡ್ಡಾಡಿದೆ. ನಿಲ್ಲಲೇ ಇಲ್ಲರೀ. ಇನ್ನೊಂದು ಗಳಿಗಿ ಕೈಯಾಗಿದ್ರ ಹಿಡದು ಅಳ್ಳಾಡಿಸಿಬಿಡ್ತಿದ್ನೇನೋ ಅಂತ ಅಂಜಿಕಿ ಬಂತು. ತೊಟ್ಟಿಲಕ್ಕ ಹಾಕಿ ಹೊರಗ ಬಂದೆ.’

ಸೊಸೆಯ ಮುಖ ಬಿಳಿಚಿತು. ‘ಅಜ್ಜೀ, ನೀವು ಮಾಡಿದ್ದು ಸರಿ’ ಎಂದು ಎಲ್ಲರೆದುರೇ ಹೇಳಿದೆ.

ಇದಕ್ಕೆ ಪರಿಚಯದವರೊಬ್ಬರು ನನ್ನನ್ನೇ ಬೈದರು. ಕೂಸನ್ನು ಬಿಟ್ಟು ಹೋಗಲು ಪರವಾನಗಿ ಕೊಟ್ಟಂತಾಯಿತಲ್ವಾ ಅಂದರು. ನಾನು ಒಪ್ಪುವುದಿಲ್ಲ. ಎಳೇ ಕೂಸಿಗೆ ತಲೆ ಭಾರ, ಕತ್ತಿಗೆ ಬಲವಿಲ್ಲ. ಸಿಟ್ಟಿನಲ್ಲಿ ಜೋರಾಗಿ ಅಲುಗಿಸಿದರೆ ಮಿದುಳಲ್ಲಿ ರಕ್ತಸ್ರಾವವಾಗಬಹುದು, ಜೀವಕ್ಕೇ ಕುತ್ತು ಬರಬಹುದು. ಹತ್ತು ನಿಮಿಷ ಅತ್ತರೆ ಏನೂ ಆಗುವುದಿಲ್ಲ. ಎಷ್ಟೋ ಕೂಸುಗಳು ಆರರಿಂದ ಎಂಟು ವಾರದ ಹೊತ್ತಿಗೆ ಅತಿ ಹೆಚ್ಚು ಅಳುತ್ತವೆ, ಅದೂ ಸಂಜೆ ಜಾಸ್ತಿ. ಮೂರು–ನಾಲ್ಕು ತಿಂಗಳಿಗೆ ತಾನಾಗಿ ಕಡಿಮೆಯಾಗುತ್ತದೆ. ಅಜ್ಜಿಯ ಕೈಗುಣದಲ್ಲಿ ದೋಷವಿಲ್ಲ.

ಮುಂದೆಯೂ ತಲೆ ಕೆಟ್ಟರೆ ಹೀಗೇ ಮಾಡಿ ಎಂದೆ. ತೊಟ್ಟಿಲಲ್ಲಿ ದಿಂಬು, ಕೌದಿ ಇರಬಾರದು. ಕೂಸನ್ನು ಅಂಗಾತ ಮಲಗಿಸಿ, ಗ್ಯಾಸ್ ಆರಿಸಿ, ಹೊರಗೆ ಬಂದು ನೀರು ಕುಡಿಯಿರಿ. ಐದು–ಹತ್ತು ನಿಮಿಷಕ್ಕೆ ಒಳಗೆ ಹೋಗಿ ನೋಡಿ. ಆಗಲೂ ಕೈ ನಡುಗುತ್ತಿದ್ದರೆ ಪಕ್ಕದ ಮನೆಯವರನ್ನು ಕರೆಯಿರಿ. ಆದರೆ ಮೈ 100.4 ಡಿಗ್ರಿ ಮುಟ್ಟಿದರೆ, ಹಾಲು ಬಿಟ್ಟರೆ, ಅಳುವ ದನಿಯೇ ಬೇರೆಯಾದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಜಾಸ್ತಿ ಮಾತು ಮಗನಿಗೆ ಹೇಳಿದೆ. ಅವನು ಮನೆಗೆ ಬರುವುದು ಐದಕ್ಕೆ, ಸೊಸೆ ಬರುವುದು ಎಂಟಕ್ಕೆ. ನಡುವಿನ ಹೊತ್ತು ಅವನು ಮೊಬೈಲ್ ಹಿಡಿದು ಕೂರುತ್ತಿದ್ದ. ಅಷ್ಟೂ ಹೊತ್ತು ಕೂಸು ಅವನದು ಎಂದು ಗೊತ್ತು ಮಾಡಿದೆವು.

ಈಗ ಆರಕ್ಕೆ ಅಜ್ಜಿ ಗುಡಿಗೆ ಹೋಗುತ್ತಾರೆ. ಮಗ ಮೊದಲ ವಾರ ದಿನವೂ ಫೋನ್ ಮಾಡಿ ಕರೆಸಿಕೊಂಡನಂತೆ. ‘ಫೋನ್ ಮನ್ಯಾಗಿಟ್ಟು ಹೋಗ್ರಿ’ ಎಂದಿದ್ದೇನೆ. ಸೊಸೆ ಮಾತ್ರ ಪಕ್ಕದ ಮನೆಯವರಿಗೆ ಇನ್ನೂ ಕಣ್ಣಿಟ್ಟಿರಲು ಹೇಳಿದ್ದಾಳೆ.