ರೇಡಿಯೇಷನ್ ಮುಗಿದು ಆರು ವಾರವಾದರೂ ಅಪ್ಪನಿಗೆ ಮೂತ್ರದ ಉರಿ: ಪ್ರತಿಕ್ರಿಯೆ

ಪ್ರಾಸ್ಟೇಟ್ (ಗಂಡಸರಲ್ಲಿರುವ ಒಂದು ಗ್ರಂಥಿ) ಕ್ಯಾನ್ಸರ್‌ಗೆ ರೇಡಿಯೇಷನ್ ಪಡೆದ ಅಪ್ಪ ಮೂತ್ರಕ್ಕೆಂದು ರಾತ್ರಿ ಐದಾರು ಸಲ ಏಳುತ್ತಾರೆ, ಉರಿಯೂ ಇದೆ, ಇದು ಕ್ಯಾನ್ಸರ್ ಮರಳಿದ ಸೂಚನೆಯೇ ಎಂದು ಕೇಳಿದ್ದೀರಿ. ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಆರು ವಾರಕ್ಕೆ ಈ ತೊಂದರೆ ಇದ್ದರೆ ಸಾಮಾನ್ಯವಾಗಿ ಕಾರಣ ಬೇರೆ. ಪ್ರಾಸ್ಟೇಟ್ ಮೂತ್ರಕೋಶದ ಕೆಳಗೇ ಅಂಟಿಕೊಂಡಂತಿದೆ, ಮೂತ್ರನಾಳ ಅದರ ನಡುವೆಯೇ ಹಾದುಹೋಗುತ್ತದೆ. ಹಾಗಾಗಿ ಕಿರಣಗಳಿಂದ ಅವುಗಳ ಒಳಪದರವೂ ಕೆರಳುತ್ತದೆ. ಹೆಚ್ಚಿನವರಿಗೆ ಇದು ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ.

ಮೊದಲು ಮೂತ್ರ ಪರೀಕ್ಷೆ ಮತ್ತು ಕಲ್ಚರ್ (ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ. ಸೋಂಕಿನ ಲಕ್ಷಣಗಳೂ ಹೀಗೇ ಇರುತ್ತವೆ, ಅದಕ್ಕೆ ಮದ್ದೇ ಬೇರೆ. ಸೋಂಕಿಲ್ಲದಿದ್ದರೆ ಮೂತ್ರ ಸರಾಗವಾಗಿ ಹೋಗಲು ನೆರವಾಗುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಅದನ್ನು ತೆಗೆದುಕೊಂಡಾಗ ಥಟ್ಟನೆ ಎದ್ದರೆ ತಲೆ ಸುತ್ತಬಹುದು, ರಾತ್ರಿ ಏಳುವ ಹಿರಿಯರ ಮೇಲೆ ನಿಗಾ ಇರಲಿ.

ಉರಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಬಿಡಿಸಬೇಡಿ. ಮೂತ್ರ ಗಟ್ಟಿಯಾದಷ್ಟೂ ಉರಿ ಹೆಚ್ಚು. ಹಗಲಲ್ಲಿ ಚೆನ್ನಾಗಿ ಕುಡಿಯಲಿ, ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಲಿ. ಕಾಫಿ, ಟೀ, ಮದ್ಯ ಕೆಲ ದಿನ ಬೇಡ. ನೆಗಡಿಯ ಕೆಲವು ಮಾತ್ರೆಗಳು ಮೂತ್ರ ಕಟ್ಟಿಸುತ್ತವೆ, ಕೇಳದೆ ಕೊಡಬೇಡಿ.

ಮೂತ್ರ ಪೂರ್ತಿ ನಿಂತರೆ, ಚಳಿಜ್ವರ ಬಂದರೆ, ಮೂತ್ರದಲ್ಲಿ ಹೆಪ್ಪುಗಟ್ಟಿದ ರಕ್ತ ಕಂಡರೆ ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ. ರಕ್ತ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಆಗ ಯಾವ ವೈದ್ಯರಿಗೇ ತೋರಿಸಿದರೂ ರೇಡಿಯೇಷನ್ ಆಗಿತ್ತೆಂದು ಮೊದಲೇ ಹೇಳಿ.